ಕಮಿಟಿಯನ್ನು ಕೆಂಪು ಡಬ್ಬದಲ್ಲಿ ಹಾಕಿ

"ತಾಯಿಯನ್ನು ಮೊದಲು ಕೈಯಿಂದ ಬಿಗಿ ಮಾಡಿ. ಆಮೇಲೆ ಸ್ಪ್ಯಾನರ್ ಬಳಸಿ."

ಕಳೆದ ತಿಂಗಳು ನನ್ನ ಟೇಬಲ್ಲಿಗೆ ಬಂದ ಇಂಗ್ಲಿಷ್ ಮ್ಯಾನುಯಲ್ ತೆರೆದ ಕೂಡಲೇ ಕಣ್ಣಿಗೆ ಬಿದ್ದ ಸಾಲು ಇದು. ಜೋರಾಗಿಯೇ ನಕ್ಕುಬಿಟ್ಟೆ. ಪಕ್ಕದ ಕೋಣೆಯಲ್ಲಿ ಪೇಪರ್ ತಿದ್ದುತ್ತಿದ್ದ ನನ್ನ ಗಂಡ ಎದ್ದು ಬಂದರು.

"ಏನಾತು? ಒಬ್ಬಾಕಿನ ಕೂತು ನಗಲಿಕ್ಕತ್ತೀಯಲ್ಲ?"

"ತಾಯಿಗೆ ಸ್ಪ್ಯಾನರ್ ಹಾಕಿ ಬಿಗಿ ಮಾಡ್ಬೇಕಂತ ನೋಡ್ರಿ."

"ನಿಮ್ಮವ್ವಗ ಸ್ಪ್ಯಾನರ್ ಸಾಕಾಗೂದಿಲ್ಲ ಬಿಡು" ಎಂದು ಹೇಳಿ, ನಾನು ತಲೆಯೆತ್ತುವ ಮೊದಲೇ ವಾಪಸ್ ಹೋದರು. (ಗಣಿತದ ಮೇಷ್ಟ್ರು. ಅಪಾಯದ ಅಂದಾಜು ಚೆನ್ನಾಗಿದೆ.)

ನನ್ನ ಹೊಟ್ಟೆಪಾಡು ಹೊಸ ಓದುಗರಿಗೆ ಗೊತ್ತಿರಲಿಕ್ಕಿಲ್ಲ. ನಾನು ಧಾರವಾಡದವಳು. ಗಂಡನ ನೌಕರಿಯ ಹಿಂದೆ ಕೋಲ್ಕತ್ತಕ್ಕೆ ಬಂದು ಡಮ್ ಡಮ್‌ನಲ್ಲಿ ಮನೆ ಮಾಡಿದವಳು. ಜರ್ಮನ್ ಯಂತ್ರಗಳ ಮ್ಯಾನುಯಲ್‌ಗಳನ್ನು ಇಂಗ್ಲಿಷಿಗೆ ತರುವುದು ನನ್ನ ಕೆಲಸ. ಜರ್ಮನ್ ಭಾಷೆಯಲ್ಲಿ 'ಮುಟರ್' ಅಂದರೆ ತಾಯಿ. ಬೋಲ್ಟಿಗೆ ಹಾಕುವ ನಟ್ ಕೂಡ ಮುಟರ್ರೇ. ಅವರಲ್ಲಿ ಟೋಪಿ ಹಾಕಿದ ತಾಯಿ ಇದ್ದಾಳೆ, ರೆಕ್ಕೆಯ ತಾಯಿ ಇದ್ದಾಳೆ, ಕಿರೀಟ ತೊಟ್ಟ ತಾಯಿಯೂ ಇದ್ದಾಳೆ. ಎಲ್ಲರೂ ನಟ್‌ಗಳೇ.

ಹಾಗಂತ ಜರ್ಮನ್ನರನ್ನು ನೋಡಿ ಜಾಸ್ತಿ ನಗಬೇಡಿ. ಒಂದು ಬಗೆಯ ಗಿಯರಿಗೆ ಅವರು ಬಸವನಹುಳು ಅನ್ನುತ್ತಾರೆ. ಅದೇ ಗಿಯರಿಗೆ ಇಂಗ್ಲಿಷಿನವರು ಬರೀ ಹುಳು ಅನ್ನುತ್ತಾರೆ. ಬಸವನನ್ನು ಎಲ್ಲಿ ಬಿಟ್ಟುಬಂದರೋ!

ಇರಲಿ. ದಕ್ಷಿಣೇಶ್ವರದ ಆಚೆ ಬಾಟಲಿ ಮುಚ್ಚಳ ಮಾಡುವ ಸಣ್ಣ ಕಾರ್ಖಾನೆಯೊಂದಿದೆ. ಅದರ ಮಾಲೀಕರು ಸೆಕೆಂಡ್ ಹ್ಯಾಂಡ್ ಜರ್ಮನ್ ಯಂತ್ರ ಕೊಂಡಿದ್ದರು. ಮ್ಯಾನುಯಲ್ ಜರ್ಮನ್‌ನಲ್ಲಿತ್ತು. ಅನುವಾದಕ್ಕೆ ಖರ್ಚು ಯಾಕೆ ಅಂತ ಯಾವುದೋ ಪುಕ್ಕಟೆ ಸಾಫ್ಟ್‌ವೇರಿಗೆ ಹಾಕಿ ಇಂಗ್ಲಿಷ್ ತೆಗೆದರು. ಯಂತ್ರವೇನೋ ಓಡಿತು. ಆದರೆ ತಾಯಿಯ ಸಾಲು ನೋಡಿ ಅನುಮಾನ ಬಂದು ನನಗೆ ಫೋನ್ ಮಾಡಿದರು. ಯಂತ್ರವನ್ನು ಕಣ್ಣಾರೆ ನೋಡದೆ ನಾನು ಕೈ ಹಚ್ಚುವುದಿಲ್ಲ. ಮೆಟ್ರೋ ಹತ್ತಿ, ಇಳಿದು, ಟೋಟೋ ಅನ್ನುವ ಬ್ಯಾಟರಿ ರಿಕ್ಷಾದಲ್ಲಿ ಕುಲುಕುತ್ತ ಹೋದೆ.

ಬಾಗಿಲಲ್ಲೇ ಸಿಕ್ಕವರು ಘೋಷ್‌ಬಾಬು. ಕಾರ್ಖಾನೆಯ ಕ್ವಾಲಿಟಿ ಇನ್‌ಚಾರ್ಜ್. ಇಸ್ತ್ರಿ ಮಾಡಿದ ಅಂಗಿ, ಬೆನ್ನು ನೆಟ್ಟಗೆ. ಇಂಗ್ಲಿಷಿಗೆ ಬಂಗಾಳಿ ಬೆರೆಸಿ ಮಾತಾಡುತ್ತಾರೆ. ಯಂತ್ರ ತೋರಿಸಿ ಎಂದರೆ ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ಬಾಗಿಲ ಮೇಲೆ ಹೊಸ ಬೋರ್ಡು: 'ಕಮಿಟಿ'.

"ಮೊದಲು ಕಮಿಟಿ, ಆಮೇಲೆ ಯಂತ್ರ" ಎಂದರು ಘೋಷ್‌ಬಾಬು. "ಜರ್ಮನ್ನರ ಶಿಸ್ತೇ ಶಿಸ್ತು, ಮೇಡಂ. ಯಾವ ದೇಶದ ಮ್ಯಾನುಯಲ್‌ನಲ್ಲಾದರೂ ದಿನಾ ಕಮಿಟಿ ಕೂರಬೇಕು ಅಂತ ಬರೆದಿರುತ್ತಾರಾ?"

 ಚೀಲದಿಂದ ಜರ್ಮನ್ ಮೂಲ ತೆಗೆದೆ. ಸಿಕ್ಕೇಬಿಟ್ಟಿತು. 'ಔಸ್‌ಶುಸ್'. ಆ ಪದಕ್ಕೆ ಎರಡು ಅರ್ಥ. ಒಂದು, ಕಮಿಟಿ. ಇನ್ನೊಂದು, ಯಂತ್ರದಿಂದ ಬರುವ ರಿಜೆಕ್ಟ್ ಮಾಲು. ಸಾಫ್ಟ್‌ವೇರು ಎಲ್ಲ ಕಡೆ ಕಮಿಟಿಯನ್ನೇ ಆರಿಸಿತ್ತು. (ಅದಕ್ಕೂ ಕೋಲ್ಕತ್ತದ ಗಾಳಿ ಬಡಿದಿರಬೇಕು. ಇಲ್ಲಿ ಓಣಿಗೊಂದು ಕ್ಲಬ್ಬು, ಕ್ಲಬ್ಬಿಗೆರಡು ಕಮಿಟಿ.)

"ಶುರುವಿನಲ್ಲಿ ಕಮಿಟಿ ಹೆಚ್ಚಿರುತ್ತದೆ, ಬರಬರುತ್ತ ತಾನಾಗಿಯೇ ಇಳಿಯುತ್ತದೆ ಅಂತ ಬರೆದಿದ್ದಾರೆ" ಎಂದರು ಘೋಷ್‌ಬಾಬು. "ಅಕ್ಷರಶಃ ಹಾಗೇ ಆಯಿತು! ಮೊದಲ ದಿನ ಕೋಣೆ ತುಂಬಿತ್ತು. ಈಗ ನಾವು ಐದೇ ಜನ. ಅಲ್ಲೆಲ್ಲೋ ಜರ್ಮನಿಯಲ್ಲಿ ಕೂತವರಿಗೆ ನಮ್ಮವರ ಸ್ವಭಾವ ಹೇಗೆ ಗೊತ್ತಾಯಿತು?"

"ಕಮಿಟಿಯನ್ನು ಕೆಂಪು ಡಬ್ಬದಲ್ಲಿ ಹಾಕಿ ಅಂತ ಇದೆಯಲ್ಲ, ಅದನ್ನೇನು ಮಾಡಿದಿರಿ?"

ಮೂಲೆಗೆ ಕೈ ತೋರಿಸಿದರು. ಕೆಂಪು ಡಬ್ಬ. ಒಳಗೆ ಎರಡು ತಿಂಗಳ ಸಭೆಗಳ ನಡಾವಳಿ!

ಇನ್ನೊಂದು ಸಾಲು ಕೇಳುವ ಧೈರ್ಯ ನನಗಿರಲಿಲ್ಲ. ಅವರೇ ಹೇಳಿದರು. "ಕಮಿಟಿಯನ್ನು ಪುಡಿಮಾಡಿ ಮತ್ತೆ ಬಳಸಬಹುದು." ಪ್ಲಾಸ್ಟಿಕ್ ಕಾರ್ಖಾನೆಗಳಲ್ಲಿ ಕೆಟ್ಟ ಮುಚ್ಚಳಗಳನ್ನು ಪುಡಿಮಾಡಿ ಮತ್ತೆ ಕರಗಿಸುತ್ತಾರೆ, ಅಷ್ಟೆ. ಘೋಷ್‌ಬಾಬು ಅರ್ಥ ಮಾಡಿಕೊಂಡದ್ದು: ಕಮಿಟಿ ವಿಸರ್ಜಿಸಿ ಮರುಚುನಾವಣೆ ಮಾಡಬಹುದು.

ನಗು ತಡೆಯಲು ತುಟಿ ಕಚ್ಚಿಕೊಂಡೆ. ಅಷ್ಟರಲ್ಲಿ ಸಭೆಯ ಹೊತ್ತಾಯಿತು. ಚಹಾ ಬಂತು, ಸಿಂಗಾರ ಬಂತು (ನಮ್ಮ ಸಮೋಸದ ಬಂಗಾಳಿ ತಮ್ಮ), ಸದಸ್ಯರು ಬಂದರು. ಅವರಲ್ಲಿ ಒಬ್ಬಾಕೆ ಪ್ಯಾಕಿಂಗ್ ವಿಭಾಗದ ಮಾಲತಿ ದೀ (ದೀ ಅಂದರೆ ಅಕ್ಕ). 'ಯಂತ್ರದ ಎಲ್ಲ ಭಾಗಗಳಿಂದಲೂ ಕಮಿಟಿ ಸಂಗ್ರಹಿಸಿ' ಎಂಬ ಇನ್ನೊಂದು ಸಾಲಿನ ಪುಣ್ಯ! ವಿಭಾಗಕ್ಕೊಬ್ಬರಂತೆ ಆರಿಸಿದ್ದರು. ತಗಡಿನ ಸೂರಿನ ಕೆಳಗೆ ಬೇಯುತ್ತಿದ್ದ ಪ್ಯಾಕಿಂಗ್ ಹೆಂಗಸರ ಗೋಳನ್ನು ವರ್ಷಗಟ್ಟಲೆ ಯಾರೂ ಕೇಳಿರಲಿಲ್ಲ. ಕಮಿಟಿಯಲ್ಲಿ ಕೂತ ಮೊದಲ ವಾರವೇ ಮಾಲತಿ ದೀ ಬಾಯಿಬಿಟ್ಟು ಕೇಳಿದರು. ಮುಂದಿನ ವಾರ ದೊಡ್ಡ ಫ್ಯಾನ್ ಬಂತು.

ಈಗ ಹೇಳಿ, ನಾನು ಏನು ಮಾಡಬೇಕಿತ್ತು? ಬಾಯಿಮುಚ್ಚಿಕೊಂಡು ತಾಯಿಯನ್ನಷ್ಟೇ ತಿದ್ದಿ ಮನೆಗೆ ಬರಬಹುದಿತ್ತು. ಆದರೆ ಸರಿಯಾದ ಪದ ಗೊತ್ತಿದ್ದೂ ತಪ್ಪು ಪದಕ್ಕೆ ಸಹಿ ಹಾಕುವುದು ಹೇಗೆ? ಅಷ್ಟರಲ್ಲಿ ಮಾಲೀಕರೇ ಒಳಗೆ ಬಂದರು. "ಏನು ಮೇಡಂ, ತಪ್ಪುಗಳು ಬಹಳ ಇವೆಯಾ?"

ಹೇಳಿಬಿಟ್ಟೆ.

 ಮಾಲೀಕರು ಕಮಿಟಿಯತ್ತ ಒಮ್ಮೆ, ತಟ್ಟೆಯತ್ತ ಒಮ್ಮೆ ನೋಡಿದರು. "ಅಂದರೆ ಎರಡು ತಿಂಗಳಿಂದ ನಾನು ರಿಜೆಕ್ಟ್ ಮಾಲಿಗೆ ಸಿಂಗಾರ ತಿನ್ನಿಸುತ್ತಿದ್ದೇನಾ?"

ಘೋಷ್‌ಬಾಬುವಿನ ನೆಟ್ಟಗಿನ ಬೆನ್ನು ಮೊದಲ ಸಲ ಬಾಗಿತು. ಕಿವಿಗಳು ಕೆಂಪಾಗಿದ್ದವು. ನಗು ಎಲ್ಲಿಂದ ಬಂದಿತ್ತೋ ಅಲ್ಲಿಗೇ ಇಳಿದುಹೋಯಿತು ನನಗೆ. ಇಂಗ್ಲಿಷ್ ಬಾರದ ಮಾಲತಿ ದೀ ನನ್ನ ತೋಳು ಮುಟ್ಟಿ, "ಕೀ ಹೋಲೋ, ದೀದಿ?" ಎಂದರು. ಏನಾಯಿತು ಅಂತ.

ಇಷ್ಟು ವರ್ಷ ಎಂಥೆಂಥ ಕಠಿಣ ಪದಗಳನ್ನು ಅನುವಾದ ಮಾಡಿದ್ದೇನೆ. ಇಷ್ಟು ಕಷ್ಟ ಯಾವತ್ತೂ ಆಗಿರಲಿಲ್ಲ. ನೀವು ಕಮಿಟಿಯಲ್ಲ, ಕೆಟ್ಟ ಮಾಲು ಅಂತ ಯಾರಿಗಾದರೂ ಮುಖದ ಮೇಲೆ ಹೇಳುವುದು ಹೇಗೆ? ನನ್ನ ಹರಕುಮುರುಕು ಬಂಗಾಳಿಯಲ್ಲಿ, "ಒಂದು ಪದಕ್ಕೆ ಎರಡು ಅರ್ಥ. ಅವರು ಬರೆದದ್ದು ಕೆಟ್ಟ ಮುಚ್ಚಳದ ಬಗ್ಗೆ, ಇವರು ಓದಿದ್ದು ಕಮಿಟಿ ಅಂತ" ಎಂದೆ.

ಮಾಲತಿ ದೀ ಅತ್ತ ತಿರುಗಿದರು. ಮಾಲೀಕರನ್ನೇ ನೇರವಾಗಿ ಕೇಳಿದರು: "ಹಾಗಾದರೆ ಫ್ಯಾನ್ ಬಿಚ್ಚಿಕೊಂಡು ಹೋಗುತ್ತೀರಾ?"

ಮಾಲೀಕರಿಗೆ ನಗು ಬಂದುಬಿಟ್ಟಿತು. "ಫ್ಯಾನ್ ಇರಲಿ. ಆದರೆ ಕಮಿಟಿ ಇವತ್ತಿಗೇ ಬಂದ್!"

ಆಗ ಎದ್ದರು ನೋಡಿ ಘೋಷ್‌ಬಾಬು! ಕನ್ನಡಕ ಸರಿಮಾಡಿಕೊಂಡು ಮ್ಯಾನುಯಲ್ಲಿನ ಪುಟ ತೆರೆದರು. "ಸಾರ್, ಮೇಡಂ ಹೇಳಿದ್ದೇ ಸರಿ, ನಾವು ರಿಜೆಕ್ಟ್ ಮಾಲು. ಆದರೆ ರಿಜೆಕ್ಟ್ ಮಾಲನ್ನು ಪುಡಿಮಾಡಿ ಮತ್ತೆ ಬಳಸಬಹುದು ಅಂತ ಇಲ್ಲೇ ಇದೆ. ಪುಡಿಮಾಡುವುದನ್ನು ಈಗ ತಾನೇ ಮಾಡಿದಿರಿ. ಇನ್ನು ಬಳಸಿ."

ಮಾಲೀಕರು ಮತ್ತೆ ನಕ್ಕು ಒಪ್ಪಿಕೊಂಡರು. ಕಮಿಟಿ ಉಳಿಯಿತು. ವಾರಕ್ಕೊಮ್ಮೆ, ಬರೀ ಚಹಾದ ಮೇಲೆ. ಕೆಂಪು ಡಬ್ಬಕ್ಕೆ ಅದೇ ಸಂಜೆ ಕೆಟ್ಟ ಮುಚ್ಚಳಗಳು ಬಿದ್ದವು. ನಾನು ಪ್ರತಿಯೊಂದು 'ಕಮಿಟಿ'ಯನ್ನೂ ಹುಡುಕಿ ಹೊಡೆದು ಹಾಕಿ, ಸರಿಯಾದ ಮ್ಯಾನುಯಲ್ ಕಳಿಸಿಕೊಟ್ಟೆ. ಕಥೆ ಮುಗಿಯಿತು ಅಂದುಕೊಂಡೆ.

ಮೊನ್ನೆ ಘೋಷ್‌ಬಾಬು ಫೋನ್ ಮಾಡಿದರು. ದನಿ ತಗ್ಗಿಸಿ, "ಮೇಡಂ, ದುರ್ಗಾಪೂಜೆ ಹತ್ತಿರ ಬಂತು. ಆ ಮ್ಯಾನುಯಲ್‌ನಲ್ಲಿ ಬೋನಸ್ ಅಂತ ಅನುವಾದ ಆಗಬಹುದಾದ ಪದ ಎಲ್ಲಾದರೂ ಇದೆಯಾ? ತಪ್ಪು ಅನುವಾದ ಆದರೂ ನಡೆಯುತ್ತದೆ" ಎಂದರು.

ಬೋನಸ್ ಇರಲಿಲ್ಲ. ಆದರೆ ಅಚ್ಚಿನ ಅಧ್ಯಾಯದಲ್ಲಿ 'ಅಲೋವೆನ್ಸ್' ಇತ್ತು (ಸಂಬಳದ ಭತ್ಯೆಗೂ ಅದೇ ಪದ). ಪ್ಲಾಸ್ಟಿಕ್ ಆರಿದಾಗ ಕುಗ್ಗುತ್ತದೆ. ಅದಕ್ಕಾಗಿ ಅಚ್ಚನ್ನು ಕೊಂಚ ದೊಡ್ಡದು ಮಾಡುತ್ತಾರೆ. ಇಂಗ್ಲಿಷಿನಲ್ಲಿ ಅದಕ್ಕೆ ಶ್ರಿಂಕೇಜ್ ಅಲೋವೆನ್ಸ್ ಎಂದೇ ಹೆಸರು. ನೂರಕ್ಕೆ ನೂರು ಸರಿಯಾದ ಅನುವಾದ.

"ಇದೆ ಘೋಷ್‌ಬಾಬು. ಕುಗ್ಗುತ್ತ ಹೋಗುವ ಅಲೋವೆನ್ಸ್."



"ಅದು ಆಗಲೇ ಸಿಗುತ್ತಿದೆ, ಮೇಡಂ."