ಒಂದು ಮೆಣಸಿನಕಾಯಿ ಹಗುರ

ಕಳೆದ ಭಾನುವಾರ ಬ್ಯಾಡಗಿಯಲ್ಲಿ ನಾನು ಕೂತಿದ್ದ ಪ್ಲಾಸ್ಟಿಕ್ ಕುರ್ಚಿಗೆ ಈಗ ಕಾಲೇ ಇಲ್ಲ. ನನಗೆ ಎರಡೂ ಇವೆ. ಆದ್ದರಿಂದ ಇದು ಖುಷಿಯ ಅಂಕಣ. (ಇಷ್ಟು ಬರೆಯುವುದರೊಳಗೆ ಎರಡು ಸಲ ಸೀಲಿಂಗ್ ನೋಡಿದೆ. ಕ್ಷಮಿಸಿ.)

ರಾಣೆಬೆನ್ನೂರಿನ ನನ್ನ ಗೆಳೆಯ ಶೇಖರಪ್ಪನಿಗೆ ಬಟ್ಟೆ ಅಂಗಡಿಯ ಗಳಿಕೆಯನ್ನೆಲ್ಲ ಹಾಕಿ ಒಂದು ಕಟ್ಟಡ ಕೊಳ್ಳುವ ಆಸೆ. ಬ್ಯಾಡಗಿ ಮಾರ್ಕೆಟ್ಟಿನ ಹತ್ತಿರ ಎರಡಂತಸ್ತಿನ ಹಳೆಯ ಮನೆ ಸಿಕ್ಕಿತ್ತು. ಕೆಳಗೆ ಮಾಲೀಕರ ಆಫೀಸು. ಮೇಲೆ ವ್ಯಾಪಾರಿಗಳ ಮೆಣಸಿನಕಾಯಿ ಚೀಲ; ಕೂತಲ್ಲೇ ಬಾಡಿಗೆ!

ಶೇಖರಪ್ಪ ವಾಸ್ತು ನೋಡಿಸಿದ್ದ. ವಕೀಲರಿಗೆ ಕಾಗದ ತೋರಿಸಿದ್ದ. ಮಗಳು ಸವಿತಾ ಹಾವೇರಿಯಲ್ಲಿ ಸಿವಿಲ್ ಎಂಜಿನಿಯರ್. ಅವಳನ್ನೂ ಕರೆತಂದಿದ್ದ. ಯಾಕೆ? ಅವಳಿಗೆ ಕಾರು ಓಡಿಸಲು ಬರುತ್ತದೆ.

ನಾವು ಸೀನುತ್ತ, ಚಹಾ ಕುಡಿಯುತ್ತ ಆಫೀಸಿನಲ್ಲಿ ಕೂತಿದ್ದೆವು. ಸವಿತಾ ಮಾತ್ರ ಮೇಲೆ ನೋಡುತ್ತಿದ್ದಳು.

“ಕಾಕಾರ, ನಡುವ ಅಷ್ಟ ಸುಣ್ಣ ಯಾಕ ಹೊಸಾದೈತ್ರಿ?”

“ಸಣ್ಣ ಬಿರುಕಿತ್ತವಾ, ಮುಚ್ಚಿಸೇನಿ” ಎಂದರು ಮಾಲೀಕರು.

“ಮ್ಯಾಲ ಚೀಲ ಎಲ್ಲೀತನಕ ಅದಾವ್ರಿ?”

“ಸೂರು ಮುಟ್ಯಾವ ನೋಡು!” ಅವರ ದನಿಯಲ್ಲಿ ಹೆಮ್ಮೆ. “ಮೆಣಸಿನಕಾಯಿ ಅಂದ್ರ ಹಗುರ ಬಿಡವಾ.”

“ಒಂದ್ ಮೆಣಸಿನಕಾಯಿ ಹಗುರ್ರಿ. ಇದು ಮನಿ ಮಂದಿ ಇರಾಕ ಹಾಕಿದ ಸ್ಲ್ಯಾಬು. ನಡುವ ಜೋತು ಬಿದ್ದೈತಿ. ಎಲ್ಲಾರೂ ಹೊರಗ ನಡೀರಿ.”

“ಚಾ ಕುಡದ್ ಹೋಗೂಣ, ತಡಿ” ಎಂದ ಶೇಖರಪ್ಪ.

“ಅಪ್ಪಾ, ಕಪ್ ಹಿಡಕೊಂಡ ಏಳು!”

ಎದ್ದೆವು. ಅಂಗಳದಲ್ಲಿ ಚಪ್ಪಲಿ ಹುಡುಕುತ್ತಿದ್ದೆ, ಒಳಗೆ ದಢಾರ್! ಮೊರದಗಲದ ಕಾಂಕ್ರೀಟು ಸೀದಾ ನನ್ನ ಕುರ್ಚಿಯ ಮೇಲೆ. ಸ್ಲ್ಯಾಬಿನೊಳಗಿನ ತುಕ್ಕು ಕಬ್ಬಿಣ ಹಲ್ಲು ಕಿರಿಯುತ್ತಿತ್ತು. ಇನ್ನೊಂದು ಗುಟುಕು ಚಹಾಕ್ಕೆ ಕೂತಿದ್ದರೆ... ಬೇಡ, ಅದನ್ನು ಯೋಚಿಸುವುದಿಲ್ಲ. (ಯೋಚಿಸುತ್ತಲೇ ಇದ್ದೇನೆ.)

ಬಾಗಿಲು ಎಳೆದು ಸವಿತಾ ಎಂದಳು: “ಸ್ಲ್ಯಾಬಿಗೆ ಕಂಬದ ಆಸರಿ ಕೊಟ್ಟು ಚೀಲ ಇಳಸೂತನಕ ಯಾರೂ ಒಳಗ ಕಾಲಿಡಬ್ಯಾಡ್ರಿ.”

ಶೇಖರಪ್ಪನ ಮುಖ ಸಪ್ಪಗಾಯಿತು. “ಮುಗೀತು ಬಿಡು. ವ್ಯಾಪಾರ ಮುರೀತು.”

“ಮುರದದ್ದು ಸ್ಲ್ಯಾಬು, ಅಪ್ಪಾ. ಜಾಗಾ ಬಂಗಾರದಂಥಾದ್ದು. ಖಾಲಿ ಸೈಟಿನ ರೇಟಿಗೆ ಕೊಟ್ರ ತಗೊ. ಇದನ್ನ ಕೆಡವಿ ಖರೇ ಗೋಡೌನ್ ಕಟ್ಟಿಕೊಡ್ತೇನಿ.”

ಅಷ್ಟರಲ್ಲಿ ಓಣಿಯೇ ನೆರೆದಿತ್ತು. ಇನ್ನು ಆ ಕಟ್ಟಡವನ್ನು ಕಟ್ಟಡವೆಂದು ಮಾರುವುದು ಯಾರಿಗೆ? ಮಾಲೀಕರು ತಲೆ ತುರಿಸಿಕೊಂಡು, ಕೊನೆಗೆ ಹೂಂ ಅಂದರು. ಶೇಖರಪ್ಪ ಇಡೀ ಓಣಿಗೆ ಮಂಡಕ್ಕಿ ಗಿರ್ಮಿಟ್ ತರಿಸಿದ. “ನನ್ನ ಡ್ರೈವರ್ ಇಂಜಿನೀರ್ ಅದಾಳ್ರಿ!” ಎಂದು ಸಿಕ್ಕವರಿಗೆಲ್ಲ ಹೇಳಿದ.

ಹೊಲ ಕೊಳ್ಳುವಾಗ ಮಣ್ಣನ್ನು ಹಿಡಿಯಲ್ಲಿ ಹಿಡಿದು ನೋಡುವ ನಾವು, ಕಟ್ಟಡ ಕೊಳ್ಳುವಾಗ ಮಾತ್ರ ಪೇಂಟ್ ನೋಡಿ ಮರುಳಾಗುವುದೇಕೆ?

ಹೊರಡುವಾಗ ಮಾಲೀಕರು ಕಾರಿನ ಕಿಟಕಿಗೆ ಬಗ್ಗಿದರು. ದನಿ ಸಣ್ಣದಾಗಿತ್ತು.

“ತಂಗೀ, ಒಮ್ಮೆ ನಮ್ಮ ಮನೀಗೂ ಬಂದು ಹೋಗವಾ. ನಾವು ಮಲಗೂ ಖೋಲಿ ಮ್ಯಾಲೂ ಚೀಲ ಒಟ್ಟೇವಿ.”

ಅಂದಹಾಗೆ, ನೀವು ಮಲಗುವ ಕೋಣೆಯ ಮೇಲೆ ಏನು ಒಟ್ಟಿದ್ದೀರಿ?