ಗೋಸುಂಬೆಗಳ ಸೂಲಗಿತ್ತಿ

ಬೆಳಕು ಹರಿಯುವ ಹೊತ್ತು. ಬಾಗಿಲು ಮುಚ್ಚಿದ ಕ್ಷೌರದಂಗಡಿಯೊಳಗೆ ಹೆಂಗಸೊಬ್ಬಳು ಆಳವಾದ ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಮೊಣಕೈವರೆಗೂ ಕೈಯನ್ನು ಮರಳಿಗೆ ಇಳಿಸಿದ್ದಾಳೆ. ಒಂದು ಹಿಡಿ ತೆಗೆದು ಹಿಂಡುತ್ತಾಳೆ. ಬೆರಳ ಸಂದಿಯಲ್ಲಿ ನೀರು ತೊಟ್ಟಿಕ್ಕಿದರೆ ಒದ್ದೆ ಹೆಚ್ಚು, ಅಂಗೈ ಬಿಚ್ಚಿದಾಗ ಉದುರಿದರೆ ಕಡಿಮೆ. ಕೊನೆಗೊಂದು ಹಿಡಿ ಉಂಡೆಯಾಗಿ ನಿಲ್ಲುತ್ತದೆ. ಅದರೊಳಗೆ ಬೆರಳು ತೂರಿಸಿ ತೆಗೆಯುತ್ತಾಳೆ. ತೂತು ಕುಸಿಯುವುದಿಲ್ಲ. ಹೆರಿಗೆ ಕೋಣೆ ಸಿದ್ಧ ಎಂದು ಕೈ ಕೊಡವುತ್ತಾಳೆ.

ಹೆರಬೇಕಾದ್ದು ಪಕ್ಕದ ಜಾಲರಿ ಗೂಡಿನಲ್ಲಿದೆ. ಅಂಗಡಿಯ ಕ್ಷೌರಿಕ ಮಗಳಂತೆ ಸಾಕಿರುವ ಹೆಣ್ಣು ಗೋಸುಂಬೆ ಅದು, ಅಡ್ಡಹೆಸರು ಮಹಾರಾಣಿ. ಕೆಲವು ದಿನಗಳಿಂದ ಹುಳು ಮುಟ್ಟಿಲ್ಲ. ಕೊಂಬೆ ಬಿಟ್ಟು ಕೆಳಗಿಳಿದು ಕಾಲು ಸುಟ್ಟ ಬೆಕ್ಕಿನಂತೆ ಅಲೆದದ್ದು, ಈಗ ಹಗಲಲ್ಲೇ ಕಣ್ಣು ಮುಚ್ಚತೊಡಗಿದೆ. ನಾಳೆಯೊಳಗೆ ಮೊಟ್ಟೆ ಇಡದಿದ್ದರೆ ಹೊಟ್ಟೆ ಕೊಯ್ಯಬೇಕು, ಉಳಿಯುವುದು ಕಷ್ಟ ಎಂದಿದ್ದಾರೆ ಪಶುವೈದ್ಯೆ. ಅದಕ್ಕೆ ಮೊದಲು ಈಕೆಯನ್ನು ಕರೆಸಿ ಎಂದವರೂ ಅವರೇ.

ಊರಿನ ಲೆಕ್ಕದಲ್ಲಿ ಈಕೆ ಸಾಕುಪ್ರಾಣಿ ಅಂಗಡಿಯಲ್ಲಿ ಗೂಡು ತೊಳೆಯುವವಳು. ದಿನಕ್ಕೆ ಅರವತ್ತು ಗೂಡು. ಗೋಸುಂಬೆ ಸಾಕಿದ ಮನೆಗಳಲ್ಲಿ ಮಾತ್ರ ಸೂಲಗಿತ್ತಿ. ಹಿಂದೆ ಕಟ್ಟಡದ ಕೆಲಸದಲ್ಲಿ ಮರಳು ಕಲೆಸುತ್ತಿದ್ದಳು. ಬೆನ್ನು ಕೈಕೊಟ್ಟ ಮೇಲೆ ಇಲ್ಲಿಗೆ ಬಂದಳು. ಬಂದ ಹೊಸದರಲ್ಲೇ ಅಂಗಡಿಯ ಹೆಣ್ಣು ಗೋಸುಂಬೆಯೊಂದು ಮೊಟ್ಟೆ ಇಡಲಾಗದೆ ಸತ್ತಿತು. ಅದು ಮೊಟ್ಟೆ ಹೂಳಲು ಮರಳು ಅಗೆಯಲು ಶುರುಮಾಡುವುದು, ಯಾರೋ ಗಾಜಿಗೆ ಮೂಗು ಒತ್ತುವುದು, ಅದು ಬಿಟ್ಟುಬಿಡುವುದು. ಈಕೆಗೆ ತನ್ನ ಚೊಚ್ಚಲ ಹೆರಿಗೆ ನೆನಪಾಯಿತು. ಹಾಸಿಗೆ ಖಾಲಿಯಿಲ್ಲವೆಂದು ಆಸ್ಪತ್ರೆಯ ಕಾರಿಡಾರಿನಲ್ಲೇ ಮಲಗಿಸಿದ್ದರು.

“ಹೋಗೋರು ಬರೋರೆಲ್ಲ ನೋಡ್ತಿದ್ರು. ನೋವನ್ನಾದ್ರೂ ತಡ್ಕೊಂಡೆ, ಅದನ್ನ ತಡ್ಕೊಳ್ಳೋಕಾಗ್ಲಿಲ್ಲ,” ಎನ್ನುತ್ತಾಳೆ.

ಕ್ಷೌರಿಕನಿಗೆ ಇನ್ನೂ ಒಂದು ಅನುಮಾನ. ಗಂಡೇ ಇಲ್ಲದ ಮನೆಯಲ್ಲಿ ಮೊಟ್ಟೆ ಎಲ್ಲಿಂದ ಬಂತು? ಕೋಳಿ ಇಡುವುದಿಲ್ಲವೇ, ಹಾಗೆಯೇ ಎಂದು ಸೂಲಗಿತ್ತಿ ಬಾಯಿ ಮುಚ್ಚಿಸುತ್ತಾಳೆ. ಅವನೂ ಬಟ್ಟೆಯ ಮರೆಯಲ್ಲಿ ಮರಳಿನ ತೊಟ್ಟಿ ಇಟ್ಟಿದ್ದಾನೆ, ಆದರೆ ಅದರ ತುಂಬ ಅರ್ಧಕ್ಕೆ ಬಿಟ್ಟ ಗುಂಡಿಗಳು. ಎಷ್ಟು ಸಲ ಬಟ್ಟೆ ಎತ್ತಿ ಇಣುಕಿದೆ ಎಂದು ಅವಳು ಕೇಳಿದರೆ ತಲೆ ತಗ್ಗಿಸುತ್ತಾನೆ.

“ಸುಮ್ನೆ, ಒಂಚೂರು ಧೈರ್ಯ ಹೇಳೋಣ ಅಂತ.”

ಸಾಲದ್ದಕ್ಕೆ ಗೂಡು ಎರಡು ಕನ್ನಡಿಗಳ ನಡುವೆ ಇದೆ. ಮಹಾರಾಣಿ ಎತ್ತ ತಿರುಗಿದರೂ ಇನ್ನೊಂದು ಗೋಸುಂಬೆ ದಿಟ್ಟಿಸುತ್ತದೆ. ಸೂಲಗಿತ್ತಿ ಗಿರಾಕಿಗಳಿಗೆ ಹೊದಿಸುವ ಬಟ್ಟೆಗಳನ್ನೆಲ್ಲ ಕನ್ನಡಿಗಳಿಗೆ ಹೊದಿಸಿ, ಬಕೆಟ್ಟನ್ನು ಗೂಡಿನೊಳಗಿಟ್ಟು, ಸುತ್ತಲೂ ದುಪ್ಪಟಿ ಇಳಿಬಿಟ್ಟು, ಇವತ್ತು ಅಂಗಡಿ ತೆರೆಯುವಂತಿಲ್ಲ ಎಂದು ಸಾರುತ್ತಾಳೆ. ವಾರದಲ್ಲೇ ಹೆಚ್ಚು ಗಿರಾಕಿ ಬರುವ ದಿನ. ಆದರೂ ಅವನು ಬೀಗ ಜಡಿಯುತ್ತಾನೆ.

ಇಬ್ಬರೂ ಹೊರಗೆ ಮೆಟ್ಟಿಲ ಮೇಲೆ ಕೂರುತ್ತಾರೆ. ಬಂದವರು ಕೆದರಿದ ತಲೆಯಲ್ಲೇ ವಾಪಸಾಗುತ್ತಾರೆ; ವಿಷಯ ಕೇಳಿದ ಕೆಲವರು ಎದುರಿನ ಚಹಾದಂಗಡಿಯಲ್ಲಿ ಠಿಕಾಣಿ ಹೂಡುತ್ತಾರೆ. ಕ್ಷೌರಿಕ ನೆಪ ಹೂಡಿ ಹೂಡಿ ಎದ್ದಾಗಲೆಲ್ಲ ಸೂಲಗಿತ್ತಿ ಅಂಗಿ ಹಿಡಿದು ಕೂರಿಸುತ್ತಾಳೆ. ಕತ್ತರಿ ಮರೆತೆನೆಂದರೂ ಬಿಡುವುದಿಲ್ಲ. ಹೆದರಿಕೆ ಅವಳಿಗೂ ಇದೆ, ತೋರಿಸುವುದಿಲ್ಲ ಅಷ್ಟೆ.

ಬಿಸಿಲು ಇಳಿದ ಮೇಲೆ ಬೀಗ ತೆಗೆದು ದುಪ್ಪಟಿ ಸರಿಸುತ್ತಾಳೆ. ಬಕೆಟ್ಟಿನಲ್ಲಿ ಗುಂಡಿಯೇ ಇಲ್ಲ! ತೋಡಿದ್ದನ್ನೆಲ್ಲ ಮುಚ್ಚಿ, ತಟ್ಟಿ, ನೆಲ ಸಾರಿಸಿದಷ್ಟು ಅಚ್ಚುಕಟ್ಟು ಮಾಡಿಟ್ಟಿದೆ ಮಹಾರಾಣಿ. ಹೊಟ್ಟೆ ಒಳಸೇರಿದೆ, ಮೂತಿಯೆಲ್ಲ ಮರಳು. ಎಲೆಯ ಮೇಲಿನ ನೀರನ್ನು ಒಂದೇ ಸಮ ಕುಡಿಯುತ್ತಿದೆ. ಚಮಚದಲ್ಲಿ ಮರಳು ಬಗೆದರೆ ಒಂದರ ಹಿಂದೊಂದು ಬಿಳಿ ಮೊಟ್ಟೆ, ಒಟ್ಟು ಇಪ್ಪತ್ತೆಂಟು. ಫೋನಿನಲ್ಲಿ ಸುದ್ದಿ ಕೇಳಿದ ವೈದ್ಯೆ, ನಾಳೆ ಬಂದು ನೋಡುತ್ತೇನೆ, ಕೊಯ್ಯುವ ಮಾತು ಬಿಡಿ ಎನ್ನುತ್ತಾರೆ. ಕ್ಷೌರಿಕನಿಗೆ ಹೋದ ಜೀವ ಬಂದಂತಾಗುತ್ತದೆ. ಚಹಾದಂಗಡಿಯಿಂದ ಚಪ್ಪಾಳೆ ಏಳುತ್ತದೆ. ಸೂಲಗಿತ್ತಿಯ ಮುಖ ಅರಳುತ್ತದೆ, ಆ ಖುಷಿಯನ್ನು ಅವಳು ಮುಚ್ಚಿಡುವುದೂ ಇಲ್ಲ.

ಇನ್ನು ಬಾಣಂತನದ ಪಾಠ. ಕೆಲವು ದಿನ ನೀರು ಚೆನ್ನಾಗಿ ಸಿಗಬೇಕು, ಹುಳುವಿಗೆ ಸುಣ್ಣದಂಶದ ಪುಡಿ ಸವರಿ ಕೊಡಬೇಕು. ಚೇತರಿಸಿಕೊಂಡ ಮೇಲೆ ಮುದ್ದಿಗೆಂದು ಸಿಕ್ಕಾಪಟ್ಟೆ ತಿನ್ನಿಸಬಾರದು, ತಿಂದಷ್ಟೂ ಮೊಟ್ಟೆ ಹೆಚ್ಚು, ಕಷ್ಟವೂ ಹೆಚ್ಚು. ಕ್ಷೌರಿಕ ಎಲ್ಲಕ್ಕೂ ತಲೆಯಾಡಿಸಿ, ಮನಸ್ಸಿನಲ್ಲಿದ್ದದ್ದನ್ನು ಕೊನೆಗೂ ಕೇಳುತ್ತಾನೆ. ಮೊಟ್ಟೆ ಇಡುವಾಗ ಅದು ಹೇಗಿರುತ್ತದೆ?

ಸೂಲಗಿತ್ತಿ ಕೈಯ ಮರಳು ಒರೆಸಿಕೊಳ್ಳುತ್ತಾಳೆ.

“ನಂಗೇನು ಗೊತ್ತು? ಇಷ್ಟು ವರ್ಷದಲ್ಲಿ ಒಂದ್ಸಲನೂ ನೋಡಿಲ್ಲ. ಯಾರನ್ನೂ ನೋಡೋಕೆ ಬಿಟ್ಟೂ ಇಲ್ಲ.”