ಹೊಲ ಒಳಗೆ, ಓಣಿ ಹೊರಗೆ

ಎಳ್ಳಮವಾಸ್ಯೆಯ ದಿನ ಇನ್ನೊಬ್ಬರ ಹೊಲಕ್ಕೆ ಊಟಕ್ಕೆ ಹೊರಟವರು ಏನು ಒಯ್ಯುತ್ತಾರೆ? ಹಸಿವು ಒಯ್ಯುತ್ತಾರೆ. ಹೆಚ್ಚೆಂದರೆ ಒಂದು ಖಾಲಿ ಡಬ್ಬಿ, ಉಳಿದ ಕಾಳು-ಸೊಪ್ಪಿನ ಭಜ್ಜಿ ಕಟ್ಟಿಸಿಕೊಂಡು ಬರಲು.

ನಮ್ಮ ಲೇಔಟಿನ ಗಂಡಸರು ನಕ್ಷೆ ಒಯ್ದರು.

ಅಂಥಿಂಥ ನಕ್ಷೆಯಲ್ಲ. ನಮ್ಮ ಡೈನಿಂಗ್ ಟೇಬಲ್ಲಿನಷ್ಟು ಅಗಲದ್ದು, ಬಣ್ಣ ತುಂಬಿದ್ದು, ಕಲಬುರಗಿಯಲ್ಲಿ ಪ್ರಿಂಟ್ ಹಾಕಿಸಿದ್ದು. ಅದನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಮುಂದೆ ನಡೆದವರು ನಮ್ಮ ಲೇಔಟ್ ನಿವಾಸಿಗಳ ಸಂಘದ ಅಧ್ಯಕ್ಷರು, ನಿವೃತ್ತ ಎಂಜಿನಿಯರ್. ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ಹಿಂದೆ ನಡೆದವರು ಸಂಘದ ಕಾರ್ಯದರ್ಶಿ, ಅಂದರೆ ನಮ್ಮನೆಯವರು. (ಮನೆಯಲ್ಲಿ ಒಂದು ಫೋನ್ ನಂಬರ್ ಬರೆದುಕೊಳ್ಳಿ ಎಂದರೆ ಈ ಮನುಷ್ಯನಿಗೆ ಪೆನ್ನೇ ಸಿಗುವುದಿಲ್ಲ!) ಖಾಲಿ ಡಬ್ಬಿ ಹಿಡಿದು ಕೊನೆಯಲ್ಲಿ ನಡೆದವಳು ನಾನು.

ನಮ್ಮ ಲೇಔಟಿನ ಗೋಳು ಈ ಅಂಕಣ ಓದುವವರಿಗೆ ಹೊಸದೇನಲ್ಲ. ಸೇಡಂ ಬೆಳೆಯುತ್ತಿದೆ. ಎಷ್ಟು ಬೆಳೆದಿದೆಯೆಂದರೆ ಊರು ಮುಗಿದ ಮೇಲೂ ಊರಿದೆ. ಕೊನೆಯ ಬೀದಿದೀಪ ದಾಟಿ, ಒಂದು ಹೊಲ ದಾಟಿದರೆ ನಾವು ಸಿಗುತ್ತೇವೆ. ಸಿಮೆಂಟ್ ಕಾರ್ಖಾನೆಯಿಂದ ರಿಟೈರ್ ಆದವರು, ಆಫೀಸಿನವರು, ನನ್ನಂಥ ಟೀಚರುಗಳು ಸೈಟು ತಗೊಂಡು ಮನೆ ಕಟ್ಟಿದ್ದೇವೆ. ಶಹಾಬಾದ್ ಕಲ್ಲಿನ ಅಂಗಳವಿದೆ, ಗೇಟಿನ ಮೇಲೆ ಹೆಸರಿದೆ, ಮಹಡಿಯ ಮೇಲೆ ದೊಡ್ಡ ಟಾಕಿಯಿದೆ. ಟಾಕಿಯಲ್ಲಿ ನೀರಿಲ್ಲ.

ನೆಂಟರಿಗೆ ವಿಳಾಸ ಹೇಳುವಾಗ ನಾವು ಧೈರ್ಯವಾಗಿ ಸೇಡಂ ಎನ್ನುತ್ತೇವೆ. ನಲ್ಲಿ ಕೇಳಲು ಊರೊಳಗಿನ ಪುರಸಭೆ ಕಚೇರಿಗೆ ಹೋದರೆ ಅವರು ಕನ್ನಡಕ ಸರಿಮಾಡಿಕೊಂಡು, ನೀವು ನಮ್ಮ ಲಿಮಿಟ್ಟಿನಲ್ಲಿ ಬರುವುದಿಲ್ಲ, ಪಂಚಾಯಿತಿಯವರು ಎನ್ನುತ್ತಾರೆ. ಟ್ಯಾಂಕರಿನವನು ಬರುವ ದಿನ ಬರುತ್ತಾನೆ, ಬಾರದ ದಿನ ಫೋನ್ ಎತ್ತುವುದಿಲ್ಲ. ಪಕ್ಕದ ಮನೆಯ ಅಜ್ಜಿ ಮಂಡಿನೋವು ಕಟ್ಟಿಕೊಂಡು ಕೊಡ ಎತ್ತುವುದನ್ನು ನೋಡಿದರೆ ಸಂಕಟವಾಗುತ್ತದೆ. ಹಾಗಾಗಿ ನಮ್ಮ ಬೇಡಿಕೆ ಒಂದೇ: ನಮ್ಮನ್ನು ಊರಿಗೆ ಸೇರಿಸಿಕೊಳ್ಳಿ.

ಅದಕ್ಕೊಬ್ಬ ಅಧಿಕಾರಿ, ಒಳ್ಳೆಯ ಮನುಷ್ಯ, ಬಿಡಿಸಿ ಹೇಳಿದರು. ನಡುವಿನ ಹೊಲ ಬಿಟ್ಟು ಲೇಔಟನ್ನಷ್ಟೇ ಎತ್ತಿ ಊರಿಗೆ ಸೇರಿಸಲು ಬರುವುದಿಲ್ಲ. ಆ ಜಮೀನೂ ಬರಬೇಕು. ಜಮೀನಿನವರು ತಕರಾರು ತೆಗೆಯಬಾರದು. ಅವರ ಒಪ್ಪಿಗೆ ಬರೆಸಿಕೊಂಡು ಬಂದರೆ ಕೆಲಸ ಸಲೀಸು.

ಆ ಜಮೀನು ನಾಗಮ್ಮನದು. ತವರಿನಿಂದ ಬಂದದ್ದು, ಅವಳ ಹೆಸರಿನಲ್ಲೇ ಇದೆ. ಲೇಔಟಿನ ಅರ್ಧ ಮನೆಗಳಿಗೆ ಬೆಳಗಿನ ಹಾಲು ಅವಳ ಎಮ್ಮೆಗಳದು. ಅವಳ ಮಗಳು ಶ್ರೀದೇವಿ ನನ್ನ ಒಂಬತ್ತನೇ ತರಗತಿಯಲ್ಲಿ ಓದುತ್ತಾಳೆ. ಹೊಲದ ಒಂದು ಬದಿಗೆ ಊರು, ಇನ್ನೊಂದು ಬದಿಗೆ ನಾವು. ತಗ್ಗಿನ ಕಡೆಗೊಂದು ಹಳ್ಳ, ಹಳ್ಳದಾಚೆ ನಾಗಮ್ಮನ ಓಣಿ.

ದಿನಾ ಬಾಗಿಲಿಗೆ ಬರುವ ಹೆಂಗಸನ್ನು ಬಾಗಿಲಲ್ಲೇ ಕೇಳಬಹುದಿತ್ತಲ್ಲ? ನಾನೂ ಅದನ್ನೇ ಕೇಳಿದೆ. ಅಧ್ಯಕ್ಷರ ಲೆಕ್ಕಾಚಾರ ಬೇರೆ ಇತ್ತು. ಎಳ್ಳಮವಾಸ್ಯೆಗೆ ಹಾಲಿನ ಮನೆಯವರನ್ನೆಲ್ಲ ಅವಳು ಹೊಲಕ್ಕೆ ಕರೆಯುತ್ತಾಳೆ. ಅವತ್ತು ಹೊಲಕ್ಕೆ ಬಂದವರಿಗೆ ನಮ್ಮ ಕಡೆ ಯಾರೂ ಇಲ್ಲ ಅನ್ನುವುದಿಲ್ಲ, ದಾರಿಯಲ್ಲಿ ಹೋಗುವ ಅಪರಿಚಿತನನ್ನೂ ಕೂಗಿ ಕರೆದು ಎಲೆ ಹಾಕುತ್ತಾರೆ. "ಅವತ್ತೇ ಕೇಳೋಣ್ರಿ, ಕೈ ಹಿಂದ ತೆಗ್ಯಾಂಗಿಲ್ಲ" ಅಂದರು. ಎಲ್ಲರೂ ಅವರ ಬುದ್ಧಿಗೆ ತಲೆದೂಗಿದರು.

ಹೋದೆವು. ಜೋಳ ಎದೆಯೆತ್ತರ ನಿಂತಿತ್ತು. ಬೇವಿನ ಗಿಡದ ಬುಡದಲ್ಲಿ ಸುಣ್ಣ ಹಚ್ಚಿದ ಐದು ಕಲ್ಲು, ಮುಂದೆ ನೈವೇದ್ಯ. ನಾಗಮ್ಮನ ಗಂಡ ಭೀಮಶಾ ಬುಟ್ಟಿಯ ನೈವೇದ್ಯವನ್ನು ಬದುವಿನ ಗುಂಟ ಬೆಳೆಗೆ ಚರಗವಾಗಿ ಚೆಲ್ಲುತ್ತ ನಡೆದ, ನಾಗಮ್ಮ ಹಿಂದಿನಿಂದ ನೀರು ಚಿಮುಕಿಸುತ್ತ ಹೋದಳು. ಭೂಮಿತಾಯಿ ಅವತ್ತು ಬಸುರಿ, ಮೊದಲ ತುತ್ತು ಆಕೆಗೆ. ಆಮೇಲೆ ನಾವು. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ. ಶುಗರ್ ಇರುವ ಅಧ್ಯಕ್ಷರೂ ಹೋಳಿಗೆಗೆ ಕೈ ಅಡ್ಡ ಹಿಡಿಯಲಿಲ್ಲ.

ಕೈ ತೊಳೆದದ್ದೇ ತಡ, ಕಂಬಳಿಯ ಮೇಲೆ ನಕ್ಷೆ ಬಿಚ್ಚಿಕೊಂಡಿತು. ಹಾರದಂತೆ ನಾಲ್ಕು ಮೂಲೆಗೆ ನಾಲ್ಕು ಹೆಂಟೆ.

"ನಾಗಮ್ಮ, ಸಣ್ಣದೊಂದು ಕೆಲಸ ಇತ್ತು. ಬರೇ ಒಂದು ಸಹಿ" ಎಂದರು ಅಧ್ಯಕ್ಷರು.

"ಇವತ್ತೇನ್ರಿ ಸಾಹೇಬ್ರ?" ನಾಗಮ್ಮ ನಕ್ಕಳು. "ಬಯಕಿ ಊಟಕ್ಕ ಬಂದು ಯಾರರೆ ಹುಟ್ಟೋ ಕೂಸಿನ ಹಂಚಿಕಿ ಮಾತು ತೆಗೀತಾರೇನ್ರಿ?"

ಎಲ್ಲರೂ ನಕ್ಕೆವು. ನಗು ಮುಗಿದ ಮೇಲೆ ನನಗೆ ಸ್ವಲ್ಪ ಇರುಸುಮುರುಸಾಯಿತು. ಅಧ್ಯಕ್ಷರಿಗೆ ಆಗಲಿಲ್ಲ.

"ಹಂಗಲ್ಲವಾ, ನಿನ್ನ ಹೊಲ ಊರಾಗ ಬರ್ತದ. ನಾಳಿಗಿ ರೇಟ್ ಎಲ್ಲಿಗಿ ಹೋಗ್ತದ ಗೊತ್ತೇನು?"

"ರೇಟಿನ ಮಾತು ಬಿಡ್ರಿ, ನಾ ಹೊಲ ಮಾರಾಕಿ ಅಲ್ಲ. ಊರಾಗ ಬರ್ಲಿ ಅಂತ ನಾವೂ ಭಾಳ ದಿನದಿಂದ ಕೇಳ್ಲಿಕತ್ತೀವಿ. ಕೊಡ್ರಿ ಪೆನ್ನು."

ನಮ್ಮನೆಯವರ ಮುಖ ಅರಳಿತು. ಇಷ್ಟು ಸುಲಭವೇ! ನಾಗಮ್ಮ ಸೆರಗಿಗೆ ಕೈ ಒರೆಸಿಕೊಂಡು ಪೆನ್ನು ಹಿಡಿದಳು. ಸಹಿ ಮಾಡುವ ಮೊದಲು ನನ್ನ ಕಡೆ ತಿರುಗಿದಳು. (ನಮ್ಮ ಕಡೆ ಟೀಚರಮ್ಮ ಎಂದರೆ ಅಕ್ಕೋರು.)

"ಅಕ್ಕೋರ, ಜರಾ ತೋರಸ್ರಿ. ಇದರಾಗ ನಮ್ಮ ಓಣಿ ಎಲ್ಲದ?"

ಬಗ್ಗಿ ನೋಡಿದೆ. ಹೊಸ ಗಡಿಯ ಕೆಂಪು ಗೆರೆ ಊರ ಅಂಚಿನಿಂದ ಹೊರಟು, ಹೊಲವನ್ನು ಪೂರ್ತಿ ಬಳಸಿ, ನಮ್ಮ ಲೇಔಟನ್ನು ಮಗುವಿನಂತೆ ತಬ್ಬಿಕೊಂಡಿತ್ತು. ತಗ್ಗಿನ ಕಡೆಗೆ ಹಳ್ಳದ ಈ ದಂಡೆಯತನಕ ಬಂದು ಗಕ್ಕನೆ ತಿರುಗಿತ್ತು. ಹಳ್ಳದಾಚೆ ಬರೀ ಬಿಳಿ ಹಾಳೆ. ಅಲ್ಲಿ ಮನೆಗಳಿವೆ ಎಂಬುದಕ್ಕೆ ಒಂದು ಚುಕ್ಕೆಯೂ ಇರಲಿಲ್ಲ. ಆ ನಕ್ಷೆ ವಾರದಿಂದ ನಮ್ಮ ಮನೆಯಲ್ಲೇ ಇತ್ತು. ನಾನು ನಮ್ಮ ಮನೆ ಹುಡುಕಿ, ಸಿಕ್ಕಿತೆಂದು ಸಮಾಧಾನಪಟ್ಟು, ಸುತ್ತಿಟ್ಟಿದ್ದೆ.

"ಓಣಿ ಇದರಾಗ ಇಲ್ಲ ನಾಗಮ್ಮ" ಎಂದೆ.

"ಹೊಲ ಒಳಗ, ಓಣಿ ಹೊರಗ. ಹೌದಿಲ್ರಿ?"

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ಇದು ಮೊದಲನೇ ಹಂತ, ಓಣಿಯದು ಎರಡನೇ ಹಂತದಲ್ಲಿ ನೋಡೋಣ ಎಂದರು. ಎರಡನೇ ಹಂತ ಎಂಬ ಮಾತಿನ ಅರ್ಥ ನಮ್ಮ ಕಡೆ ಎಮ್ಮೆಗೂ ಗೊತ್ತು.

"ಹಂಗಾದ್ರ ಹಳ್ಳಕ್ಕ ಪೂಲ್ ಯಾರ್ ಕಟ್ತಾರ್ರಿ?" ಸೇತುವೆಯ ಮಾತೆತ್ತಿದ ನಾಗಮ್ಮನ ದನಿ ಏರಲಿಲ್ಲ. "ಈಗ ಪಂಚಾಯ್ತಿಗಿ ಹೋದ್ರ ರೊಕ್ಕ ಬಂದಿಲ್ಲ ಅಂತಾರ. ಇವತ್ತಿಲ್ಲ ನಾಳಿ ಬರ್ತದ ಅಂತ ಕುಂತೀವಿ. ಈ ದಂಡಿ ಊರಿಂದು, ಆ ದಂಡಿ ಪಂಚಾಯ್ತಿದು ಅಂತಾದ್ರ ಮುಗೀತು. ಇವ್ರು ಅವ್ರಿಗಿ ಕೇಳು ಅಂತಾರ, ಅವ್ರು ಇವ್ರಿಗಿ ಕೇಳು ಅಂತಾರ. ಹೋದ ಮಳಿಗಾಲದಾಗ ನಮ್ಮ ಪೋರಿ ಕಾಲು ಜಾರಿ ಹಳ್ಳದಾಗ ಬಿದ್ಲು. ಪಾಟಿಚೀಲ ಹರ್ಕೊಂಡು ಹೋತು, ಜೀವ ಉಳೀತು. ಮುಂದಿನ ಮಳಿಗಾಲಕ್ಕ ಪೂಲ್ ಕೆಲಸ ಶುರು ಆಗಲಿಲ್ಲಂದ್ರ ಶಾಲಿ ಬಿಡಸ್ತೀನಿ ಅಂತ ಇವ್ರು ಕುಂತಾರ."

ಭೀಮಶಾ ನೆಲ ನೋಡುತ್ತ, "ಮತ್ತೇನ್ ಮಾಡ್ಲಿರಿ?" ಅಂದ.

ನನಗೆ ಗೊತ್ತಿತ್ತು. ಮಳೆ ಹಿಡಿದ ದಿನ ನನ್ನ ತರಗತಿಯಲ್ಲಿ ಒಂದು ಬೆಂಚು ಖಾಲಿ ಬೀಳುತ್ತದೆ. ಹಳ್ಳದಾಚೆಯ ಹುಡುಗಿಯರ ಬೆಂಚು. ಮುಂದಿನ ವರ್ಷ ಅವರು ಹತ್ತನೇ ತರಗತಿ. ಒಮ್ಮೆ ಬಿಡಿಸಿದ ಹುಡುಗಿಯನ್ನು ಮತ್ತೆ ಶಾಲೆಗೆ ಕರೆತರುವುದು ಎಷ್ಟು ಕಷ್ಟವೆಂದು ಯಾವ ಟೀಚರನ್ನಾದರೂ ಕೇಳಿ.

ನಾಗಮ್ಮ ಪೆನ್ನಿಗೆ ಟೋಪಿ ಹಾಕಿ ನಮ್ಮನೆಯವರ ಕೈಗಿಟ್ಟಳು. "ಓಣಿ ಒಳಗ ಹಾಕ್ಕೊಂಡು ಬರ್ರಿ. ಅವತ್ತೇ ಸೈ ಮಾಡ್ತೀನಿ."

ಆಮೇಲೆ ಎಲ್ಲರ ಡಬ್ಬಿಗೂ ಭಜ್ಜಿ ತುಂಬಿದಳು. ಅಧ್ಯಕ್ಷರಿಗೆ ಮೇಲೆ ಮತ್ತೊಂದು ಹೋಳಿಗೆ.

ಮನೆಗೆ ಬಂದ ಮೇಲೆ ನನ್ನ ಸರದಿ.

"ಓಣಿ ಯಾಕ್ ಬಿಟ್ರಿ?"

"ಟೆಕ್ನಿಕಲ್ ಕಾರಣ ಅದಾವ."

"ಏನು ಟೆಕ್ನಿಕಲ್ಲು? ನನಗೂ ತಿಳೀಲಿ."

ನಮ್ಮನೆಯವರು ಟಿವಿ ರಿಮೋಟ್ ಹುಡುಕಿದರು. ಅದು ನನ್ನ ಕೈಯಲ್ಲಿತ್ತು. ಕೊನೆಗೆ ಬಾಯಿ ಬಿಟ್ಟರು. "ಆ ಓಣಿ ಸೇರಿದ್ರ ವಾರ್ಡಿನಾಗ ಅವರ ಓಟೇ ಜಾಸ್ತಿ ಆಗ್ತಾವ. ಮೆಂಬರ್ ಅವರವ್ರೇ ಆಗ್ತಾರ. ಆಮ್ಯಾಲ ನಮ್ಮ ಮಾತು ಯಾರ್ ಕೇಳ್ತಾರ? ಮ್ಯಾಲಿಂದ ಎಮ್ಮಿ, ತಿಪ್ಪಿ... ಲೇಔಟಿನ ಲೆವೆಲ್ ಅಂತ ಒಂದಿರ್ತದ." ಇದನ್ನು ಅವರು ಹೇಳಿದ್ದು ನಾಗಮ್ಮನ ಹಾಲಿನ ಚಹಾ ಕುಡಿಯುತ್ತ.

ಸಿಟ್ಟು ಬಂತು. ನಾಚಿಕೆಯೂ ಆಯಿತು. ಯಾಕೆಂದರೆ ಈ ಮಾತನ್ನು ನಾನು ಬೇರೆ ಕಡೆ ಕೇಳಿದ್ದೆ. ಊರೊಳಗಿನ ಬಜಾರಿನಲ್ಲಿ ನಾವು ಕಿರಾಣಿ ತರುವ ಅಂಗಡಿಯಿದೆ. ಅದರ ಯಜಮಾನರು ಹೋದ ತಿಂಗಳು, "ನಿಮ್ಮ ಲೇಔಟಿನ ಮಂದಿ ಒಳಗ ಬಂದ್ರ ನಮಗ ಬರೋ ನೀರಿನಾಗೂ ಪಾಲು ಹೋಗ್ತದಲ್ರಿ ಟೀಚರ್" ಎಂದಿದ್ದರು. ಅವತ್ತು ನಮ್ಮನೆಯವರು ದಾರಿಯುದ್ದಕ್ಕೂ ಬೈದಿದ್ದೇ ಬೈದಿದ್ದು. ನಾವೇನು ಮನುಷ್ಯರಲ್ಲವೇ? ನಾವು ಕುಡಿಯುವುದು ನೀರಲ್ಲವೇ?

ಅದೇ ಪ್ರಶ್ನೆಯನ್ನು ಹಳ್ಳದಾಚೆಯವರು ನಮಗೆ ಕೇಳಿದರೆ?

ಇದು ಸೇಡಮ್ಮಿನದೊಂದೇ ಕತೆಯಲ್ಲ. ಚಿತ್ತಾಪುರದಲ್ಲಿರುವ ನನ್ನ ತಂಗಿಗೆ ಫೋನಿನಲ್ಲಿ ಹೇಳಿದೆ. "ನಮ್ಮ ಕಡೆನೂ ಇದೇ ನಡದದ ತಗೋ" ಎಂದಳು. ವಾಡಿಯಲ್ಲಿ, ಶಹಾಬಾದಿನಲ್ಲಿ, ಅತ್ತ ಚಿಂಚೋಳಿಯಲ್ಲಿ ಬಸ್ಸಿನಿಂದ ಇಳಿದು ನೋಡಿ. ಹೊಲದಲ್ಲಿ ಕಲ್ಲು ನೆಟ್ಟು ಪ್ಲಾಟ್ ಮಾಡಿರುತ್ತಾರೆ. ಆಚೆಗೊಂದು ಹಳೆಯ ಓಣಿ ಇದ್ದೇ ಇರುತ್ತದೆ. ಊರು ದೊಡ್ಡದಾಗಬೇಕು ಎಂದು ಎಲ್ಲರೂ ಹೇಳುತ್ತೇವೆ. ದೊಡ್ಡದಾಗುವುದು ಅಂದರೆ ಏನು? ನೆಲ ಬಂದರೆ ಸಾಕೇ? ಆ ನೆಲದಲ್ಲಿ ಬಿತ್ತಿ ಬೆಳೆದ ಜನ ಎಲ್ಲಿ ಹೋಗಬೇಕು?

ಹಾಗೆಂದು ನಾನು ದೊಡ್ಡ ಸಾಧ್ವಿಯೇನಲ್ಲ. ನನಗೂ ನಲ್ಲಿ ಬೇಕು. ಬೆಳಗ್ಗೆ ಎದ್ದು ತಿರುಗಿಸಿದರೆ ಸುರಿಯಬೇಕು. ಅಜ್ಜಿಯ ಕೊಡ ಇಳಿಯಬೇಕು. ನಾಗಮ್ಮ ಸಹಿ ಹಾಕದಿದ್ದರೆ ನಮ್ಮ ಕಾಗದ ಮುಂದೆ ಹೋಗುವುದಿಲ್ಲ ಎಂದು ಗೊತ್ತಾದಾಗ ನಾನೂ ಮಹಡಿ ಹತ್ತಿ ಖಾಲಿ ಟಾಕಿಯಲ್ಲಿ ಇಣುಕಿ ಬಂದೆ.

ಭಾನುವಾರ ಲೇಔಟಿನ ಪಾರ್ಕಿನಲ್ಲಿ (ಪಾರ್ಕೆಂದರೆ ಎರಡು ಸಿಮೆಂಟ್ ಬೆಂಚು) ಮೀಟಿಂಗ್ ಸೇರಿತು. ನಾನು ಎದ್ದುನಿಂತು, ಗೆರೆಯನ್ನು ಹಳ್ಳ ದಾಟಿಸೋಣ, ಓಣಿಯನ್ನೂ ಸೇರಿಸಿ ಕೇಳೋಣ ಎಂದೆ. ಗದ್ದಲವೆದ್ದಿತು. ಕೆಲವರು ಹೌದೆಂದರು. ಕೆಲವರು ಟೀಚರ್, ಪ್ರಾಕ್ಟಿಕಲ್ ಆಗಿ ವಿಚಾರ ಮಾಡ್ರಿ ಎಂದರು. ಪಕ್ಕದ ಮನೆಯ ಅಜ್ಜಿ ಮಾತ್ರ, "ಆ ಪೋರಿಗೋಳು ಬಿದ್ದು ಸತ್ರ ಯಾರ್ ಜವಾಬ್ದಾರಿ?" ಎಂದು ಕೇಳಿದರು. ಕೊನೆಗೆ ಆದ ತೀರ್ಮಾನ: ನಕ್ಷೆ ಸದ್ಯ ಹಾಗೇ ಇರಲಿ, ನಾಗಮ್ಮನ ಮನವೊಲಿಸೋಣ. ಒಲಿಸುವವರು ಯಾರು? ನಾನು! ಹೆಂಗಸಿಗೆ ಹೆಂಗಸು ಹೇಳಿದರೆ ತಿಳಿಯುತ್ತದಂತೆ.

ಮನವೊಲಿಸಲು ಅಲ್ಲವಾದರೂ ಹೋದೆ. ಹಳ್ಳದಲ್ಲಿ ಈಗ ಪಾದ ಮುಳುಗುವಷ್ಟೇ ನೀರು. ಆದರೂ ಪಾಚಿ ಕಟ್ಟಿದ ಕಲ್ಲಿನ ಮೇಲೆ ಸೀರೆ ಎತ್ತಿ ಹಿಡಿದು ದಾಟುವಾಗ ಜೀವ ಬಾಯಿಗೆ ಬಂತು. ಇಷ್ಟು ವರ್ಷ ಅವಳ ಹಾಲು ಕುಡಿದಿದ್ದೇನೆ, ಅವಳ ಓಣಿಗೆ ಕಾಲಿಟ್ಟದ್ದು ಅದೇ ಮೊದಲು.

"ಬರ್ರಿ ಅಕ್ಕೋರ, ಕುಂದ್ರಿ" ಎಂದು ನಾಗಮ್ಮ ಕಂಬಳಿ ಹಾಸಿದಳು. ಒಳಗಿನಿಂದ ಶ್ರೀದೇವಿ ಇಣುಕಿ, ಟೀಚರ್ ಮನೆಗೇ ಬಂದುಬಿಟ್ಟರಲ್ಲ ಎಂದು ಹೆದರಿ, ಚಹಾ ಇಡಲು ಓಡಿದಳು.

ನಾನು ಸುತ್ತಿ ಬಳಸಲಿಲ್ಲ. ಮೀಟಿಂಗಿನಲ್ಲಿ ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. "ನಮ್ಮವರಿಗೆ ಅಂಜಿಕಿ, ನಾಗಮ್ಮ. ನಿಮ್ಮ ಓಣಿ ಸೇರಿದ್ರ ಹೊರಗಿನವರದೇ ಜೋರು ಆಗ್ತದ ಅಂತಾರ."

ನಾಗಮ್ಮನಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಕೇಳಿದಳು:

"ಹೊರಗಿನವ್ರು ಅಂದ್ರ ನಾವೇನ್ರಿ? ನೀವು ಮನಿ ಕಟ್ಟಿದ್ದು ನಮ್ಮೂರ ನೆಲದಾಗ, ಇವತ್ತಿಗೂ ನೀವು ನಮ್ಮ ಪಂಚಾಯ್ತಿದಾಗೇ ಅದೀರಿ. ಇಷ್ಟು ವರ್ಷದಾಗ ನಮ್ಮವ್ರು ಒಬ್ರರೆ ನಿಮಗ ಹೊರಗಿನವ್ರು ಅಂದಾರೇನ್ರಿ, ಅಕ್ಕೋರ?"